ಊರೂರಿನ ಬಿಡಾರ: ಹೊಸ ಬಣ್ಣದ ಹೋಟೆಲೂ ಹಳೆಯ ಮೆಟ್ಟಿಲೂ

ಪರಸ್ಥಳದಲ್ಲಿ ಬಿಡಾರ ಮಾಡುವ ಸಂಗತಿಯು ಸಂಸಾರವಂದಿಗರಿಗೆ ಸಣ್ಣದಲ್ಲ. ಒಂಟಿ ಗಂಡಸು ಎಲ್ಲಿಯಾದರೂ ತಲೆ ಚಾಚಿ ರಾತ್ರಿಯನ್ನು ಕಳೆದಾನು. ಮುದುಕರೂ ಮಕ್ಕಳೂ ರೋಗಿಗಳೂ ಜೊತೆಯಲ್ಲಿದ್ದರೆ, ಇಳಿದುಕೊಳ್ಳುವ ಸ್ಥಳದ ಮೇಲೆಯೇ ಪ್ರಯಾಣದ ಸುಖದುಃಖಗಳು ನಿಂತಿರುವುವು. ಕಳೆದ ಪುಷ್ಯಮಾಸದಲ್ಲಿ ಬೆಂಗಳೂರಿನ ಗಾಂಧಿನಗರದ ಒಂದು ಮಧ್ಯಮ ತರಗತಿಯ ಹೋಟೆಲಿನಲ್ಲಿ ಎರಡು ರಾತ್ರಿ ತಂಗುವ ಪ್ರಸಂಗವು ನಮಗೆ ಒದಗಿತು. ಅಲ್ಲಿ ನಾವು ಕಂಡುದನ್ನೂ, ಕಾಣದೆ ಹೋದುದನ್ನೂ, ನಮ್ಮ ಅಕ್ಕನವರಿಂದ ಕಲಿತುದನ್ನೂ ಈ ತಿಂಗಳು ವಾಚಕರ ಮುಂದಿಡುತ್ತೇವೆ.

ನಮ್ಮ ಅಕ್ಕನವರಿಗೆ ಈಗ ಎಪ್ಪತ್ತೆರಡು ವರ್ಷ. ತೀರ್ಥಹಳ್ಳಿಯ ಸಮೀಪದ ಒಂದು ಹಳ್ಳಿಯಲ್ಲಿ ಅವರ ವಾಸ. ಎರಡು ಕಣ್ಣುಗಳಿಗೂ ಪೊರೆ ಬಂದು, ಎದುರಿಗೆ ನಿಂತವರನ್ನು ಧ್ವನಿಯಿಂದಲೇ ಗುರುತಿಸುವ ಸ್ಥಿತಿಯು ಪ್ರಾಪ್ತವಾಗಿತ್ತು. ಮೊದಲು ಬಲಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸುವುದೆಂದು ನಿಶ್ಚಯವಾಯಿತು. ಈ ಚಿಕಿತ್ಸೆಗೆ ಈಗ ಆಸ್ಪತ್ರೆಯಲ್ಲಿ ರಾತ್ರಿ ಮಲಗಬೇಕಾದ ಅಗತ್ಯವಿಲ್ಲ. ಮೊದಲ ದಿನ ಪರೀಕ್ಷೆ, ಎರಡನೆಯ ದಿನ ಬೆಳಗ್ಗೆ ಚಿಕಿತ್ಸೆ, ಮೂರನೆಯ ದಿನ ವೈದ್ಯರ ದರ್ಶನ, ಇಷ್ಟೇ. ಆದರೆ ಆ ಎರಡು ರಾತ್ರಿಗಳನ್ನು ಆಸ್ಪತ್ರೆಗೆ ದೂರವಲ್ಲದ ಶುಚಿಯಾದ ಸ್ಥಳದಲ್ಲಿ ಕಳೆಯಬೇಕು. ಬೆಂಗಳೂರಿನಲ್ಲಿ ನಮಗೆ ನೆಂಟರಿಲ್ಲವೆಂದಲ್ಲ. ಅವರೆಲ್ಲರೂ ಊರಿನ ಅಂಚಿನಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಲ್ಲಿಂದ ಪೇಟೆಯ ಆಸ್ಪತ್ರೆಗೆ ಬಂದು ಸೇರುವಷ್ಟರಲ್ಲಿ ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗಿ ಬರಬಹುದು.

ಆದಕಾರಣ ಗಾಂಧಿನಗರವನ್ನೇ ಆರಿಸಿದೆವು. ಮೆಜೆಸ್ಟಿಕ್ ಎಂದರೆ ತಿಳಿಯದ ಕನ್ನಡಿಗರು ವಿರಳ. ಆ ಹೆಸರು ಒಂದು ಚಿತ್ರಮಂದಿರದಿಂದ ಬಂದುದು. ಮಂದಿರವು ಹೋಯಿತು, ಹೆಸರು ಮಾತ್ರ ಉಳಿಯಿತು. ಇಂದು ಬಸ್ಸುಗಳು ಹಗಲೂ ರಾತ್ರಿಯೂ ತಿರುಗುವ ಆ ನೆಲವು ಹಿಂದೆ ಧರ್ಮಾಂಬುಧಿಯೆಂಬ ಕೆರೆಯಾಗಿತ್ತು. ನೀರು ಬತ್ತಿ ಮೈದಾನವಾಗಿ, ಮೈದಾನವು ಬಸ್ ನಿಲ್ದಾಣವಾಗಿ, ಈಗ ಅದರ ಅಡಿಯಲ್ಲಿ ಮೆಟ್ರೋ ರೈಲುಗಳು ಸಂಧಿಸುತ್ತಿವೆ. ಯಾತ್ರಿಕರ ಬಿಡಾರಕ್ಕೆ ಈ ಭಾಗವು ಹಳೆಯ ಹೆಸರುಳ್ಳದ್ದೇ. ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಬಳಿಯಲ್ಲಿಯೇ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ಪ್ರಾರಂಭವಾಯಿತು. ಊರಿಗೆ ಹೊಸಬರಾಗಿ ಬಂದವರಿಗೆ ತಲೆಯ ಮೇಲೆ ಒಂದು ಸೂರಿರಲಿ ಎಂಬುದೇ ಅಂಥವರ ಆಶಯ. ಅನಂತರ ಬಂದ ಲಾಡ್ಜುಗಳು ಹಣಕ್ಕೆ ಕೋಣೆ ಕೊಟ್ಟರೂ, ಮಲೆನಾಡಿನವರಿಗೂ ಬಯಲುಸೀಮೆಯವರಿಗೂ ಕೋರ್ಟು, ಆಸ್ಪತ್ರೆ, ಮದುವೆಯ ಜವಳಿ ಮುಂತಾದ ಕೆಲಸಗಳಿಗೆ ಬಂದಾಗ ಅವುಗಳೇ ಗತಿಯಾದವು.

ಈ ಹಳೆಯ ಲಾಡ್ಜುಗಳಲ್ಲಿ ನಾವು ಯೌವನದಲ್ಲಿ ಅನೇಕ ಸಾರಿ ಇಳಿದಿದ್ದೆವು. ಕೆಂಪು ಗಾರೆಯ ನೆಲ, ಮೇಜಿನ ಮೇಲೆ ಒಂದು ಹೂಜಿ ನೀರು, ಗೋಡೆಯಲ್ಲಿ ಒಂದು ಮಸುಕು ಕನ್ನಡಿ, ಕೋಣೆಗಳ ಮುಂದೆ ತೆರೆದ ಪಡಸಾಲೆ. ಪಡಸಾಲೆಯ ಕಂಬಿಗೆ ಒರಗಿ ನಿಂತರೆ ಕೆಳಗಿನ ಅಂಗಳವೂ ಮೇಲಿನ ಆಕಾಶವೂ ಕಾಣುತ್ತಿದ್ದುವು. ಸೊಳ್ಳೆಯೂ ಬರುತ್ತಿತ್ತು, ಗಾಳಿಯೂ ಬರುತ್ತಿತ್ತು. ಸ್ನಾನಗೃಹಕ್ಕೆ ಕ್ಯೂ ನಿಲ್ಲಬೇಕಾಗಿದ್ದುದನ್ನೂ, ಹಾಸಿಗೆಯಲ್ಲಿ ತಿಗಣೆಗಳಿದ್ದುದನ್ನೂ ಮರೆತು ಹಳೆಯದನ್ನೆಲ್ಲ ಹೊಗಳುವ ಇಚ್ಛೆ ನಮಗಿಲ್ಲ.

ನಮ್ಮ ಮಗಳು ಮೊಬೈಲಿನಲ್ಲಿ ಚಿತ್ರಗಳನ್ನು ನೋಡಿ ಆರಿಸಿಕೊಟ್ಟ ಹೋಟೆಲು ಇಂಥ ಒಂದು ಹಳೆಯ ಲಾಡ್ಜೇ. ಇತ್ತೀಚೆಗೆ ಜೀರ್ಣೋದ್ಧಾರವಾಗಿ ಹೊಸ ಹೆಸರನ್ನು ಪಡೆದಿತ್ತು. ರಾತ್ರಿಯ ರೈಲಿನಿಂದ ನಸುಕಿನಲ್ಲಿ ಇಳಿದು, ನಾವೂ ನಮ್ಮ ಮನೆಯವರೂ ಅಕ್ಕನವರನ್ನು ಕೈಹಿಡಿದು ನಡೆಸಿಕೊಂಡು ಅಲ್ಲಿಗೆ ಹೋದೆವು. ಮುಂಗಟ್ಟೆಯಲ್ಲಿ ಕಾಲಿಟ್ಟೊಡನೆ ನಮಗೆ ಸಂತೋಷವಾಯಿತೆಂಬುದನ್ನು ಒಪ್ಪಿಕೊಳ್ಳಬೇಕು. ನುಣುಪಾದ ಕಲ್ಲಿನ ನೆಲ, ಗೋಡೆಗೆಲ್ಲ ಮರದ ಬಣ್ಣದ ಹಲಗೆ, ತಾರಸಿಯ ಕೆಳಗೆ ಇನ್ನೊಂದು ಹುಸಿ ತಾರಸಿ, ಅದರೊಳಗಿಂದ ಇಳಿದು ಬರುವ ಹೊಂಬೆಳಕು. ಹಿಂದಿನ ತೆರೆದ ಪಡಸಾಲೆಗೆ ಗಾಜು ಹಾಕಿ ಮುಚ್ಚಿ, ತಂಪುಯಂತ್ರವಿಟ್ಟು, ಉದ್ದನೆಯ ಓಣಿಯನ್ನಾಗಿ ಮಾಡಿದ್ದರು. ಕೋಣೆಯೊಳಗೆ ಬಿಳಿಯ ಹಾಸು, ಬಿಸಿನೀರು, ಕಮೋಡಿನ ಪಕ್ಕದಲ್ಲಿ ಮುದುಕರು ಹಿಡಿದು ಏಳುವುದಕ್ಕೆ ಒಂದು ಉಕ್ಕಿನ ಕಂಬಿ ಸಹ ಇದ್ದಿತು. ಈ ಕಂಬಿಯನ್ನು ನೆನೆದು ಹಾಕಿಸಿದವರನ್ನು ನಾವು ಮನಸ್ಸಿನಲ್ಲಿ ಹರಸಿದೆವು.

ಬಾಡಿಗೆಯು ದಿನಕ್ಕೆ 2,800 ರೂಪಾಯಿ. ಇದರ ಮೇಲಿನ ತೆರಿಗೆಯ ವಿಷಯವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ದಿನಕ್ಕೆ 7,500 ರೂಪಾಯಿ ಮೀರದ ಕೋಣೆಗಳಿಗೆ ಹಿಂದೆ ನೂರಕ್ಕೆ 12ರಂತೆ ಇದ್ದ ಜಿಎಸ್‌ಟಿಯು 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 5ಕ್ಕೆ ಇಳಿದಿದೆ. ಎರಡು ದಿನಕ್ಕೆ 5,600, ತೆರಿಗೆ 280, ಒಟ್ಟು 5,880 ರೂಪಾಯಿ. ನಮಗೆ ಬಂದ ಲೆಕ್ಕವೂ ಅಷ್ಟೇ. ಊಟದ ಬಿಲ್ಲಿಗೆ ಸೇವಾಶುಲ್ಕವನ್ನು ತಾವಾಗಿಯೇ ಸೇರಿಸಕೂಡದೆಂದು ಗ್ರಾಹಕ ಸಂರಕ್ಷಣೆಯ ಕೇಂದ್ರ ಪ್ರಾಧಿಕಾರವು 2022ರ ಜುಲೈಯಲ್ಲಿ ಸೂಚಿಸಿತು. ದೆಹಲಿಯ ಉಚ್ಚ ನ್ಯಾಯಾಲಯವು 2025ರ ಮಾರ್ಚಿಯಲ್ಲಿ ಅದನ್ನು ಎತ್ತಿಹಿಡಿಯಿತು. ದಿನದ ಲೆಕ್ಕವು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುವುದೋ, ಬಂದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆಗೆ ಮುಗಿಯುವುದೋ ಎಂಬುದನ್ನು ಮೊದಲೇ ಕೇಳಬೇಕು. ನಸುಕಿನಲ್ಲಿ ರೈಲಿಳಿಯುವವರಿಗೆ ಇದರಿಂದ ಒಂದು ದಿನದ ಬಾಡಿಗೆಯೇ ವ್ಯತ್ಯಾಸವಾಗುವುದುಂಟು.

ಇಷ್ಟನ್ನೆಲ್ಲ ನಾವು ಜಾಣತನದಿಂದ ವಿಚಾರಿಸಿಕೊಂಡೆವು. ವಿಚಾರಿಸದೆ ಬಿಟ್ಟುದು ಒಂದೇ. ಅದನ್ನು ವಿಚಾರಿಸಿದವರು ನಮ್ಮ ಅಕ್ಕನವರು.

ಮೊದಲ ದಿನ ಆಸ್ಪತ್ರೆಯ ಪರೀಕ್ಷೆಗಳು ಮುಗಿದು ಮಧ್ಯಾಹ್ನ ಹಿಂದಿರುಗಿದೆವು. ಅಕ್ಕನವರಿಗೆ ಹಗಲು ಮಲಗುವ ಅಭ್ಯಾಸವಿಲ್ಲ. ಕಣ್ಣು ಮಂಜಾದಂದಿನಿಂದ ಅವರು ಎಲ್ಲಿಯೇ ಹೋಗಲಿ, ಕೈಯಿಂದ ತಡವಿ ಆ ಸ್ಥಳದ ಗುರುತು ಮಾಡಿಕೊಳ್ಳುವರು. ಅಂದು ಸಾಯಂಕಾಲ ಗೋಡೆಯ ಮೇಲೆ ಕೈಯಿಟ್ಟು ಆ ಓಣಿಯಲ್ಲಿ ಹೋಗುತ್ತ ಬರುತ್ತ ಇದ್ದರು. ನಮ್ಮದು ಮೂರನೆಯ ಅಂತಸ್ತು. ಲಿಫ್ಟೂ ಮುಂದಿನ ಮೆಟ್ಟಿಲುಗಳೂ ಓಣಿಯ ಒಂದು ತುದಿಯಲ್ಲಿ. ನಮ್ಮ ಕೋಣೆಯು ಅಲ್ಲಿಂದ ಏಳನೆಯ ಬಾಗಿಲು. ಅಕ್ಕನವರು ಅಲ್ಲಿಗೆ ನಿಲ್ಲದೆ ಮುಂದಕ್ಕೂ ಹೋಗಿ, ಇನ್ನು ಮೂರು ಬಾಗಿಲುಗಳನ್ನು ದಾಟಿ, ಒಂದು ಮೂಲೆಯನ್ನು ತಿರುಗಿದೊಡನೆ ಕೈಗೆ ತಣ್ಣನೆಯ ಕಬ್ಬಿಣವು ತಗಲಿತು. ಬೀಗ ಹಾಕಿದ ಬಾಗಿಲು. ಅದೇ ಹೊತ್ತಿಗೆ ಹಾಸು ಬದಲಾಯಿಸುವುದಕ್ಕೆ ಬಂದ ಹಿರಿಯ ಕೆಲಸಗಾರನನ್ನು ನಿಲ್ಲಿಸಿ ಕೇಳಿದರು.

"ಇದು ಯಾವ ಕೋಣೆಯ ಬಾಗಿಲಪ್ಪಾ?"

"ಕೋಣೆಯಲ್ಲಮ್ಮಾ, ಹಿಂದಿನ ಮೆಟ್ಟಿಲು. ಹೋಟೆಲು ಹೊಸದು ಮಾಡಿದಾಗ ಹಳೇ ಸಾಮಾನೆಲ್ಲ ಅಲ್ಲಿ ಹಾಕಿ ಬೀಗ ಹಾಕಿದ್ದಾರೆ."

"ಸಾಮಾನಿಗೆ ಮೆಟ್ಟಿಲು ಯಾತಕ್ಕೆ? ಮೆಟ್ಟಿಲು ಇಳಿಯುವವರು ಮನುಷ್ಯರಲ್ಲವೆ?"

ಆತನು ನಕ್ಕು ಸುಮ್ಮನಾದನು. ಮೂವತ್ತು ವರ್ಷಗಳಿಂದ, ಅದು ಹಳೆಯ ಲಾಡ್ಜಾಗಿದ್ದಂದಿನಿಂದಲೂ ಅಲ್ಲಿಯೇ ಇರುವವನಂತೆ; ಕುಂದಾಪುರದ ಕಡೆಯವನು. ಹಿಂದೆ ತಾವೆಲ್ಲ ಆ ಮೆಟ್ಟಿಲಿನಲ್ಲಿಯೇ ಬಟ್ಟೆಯ ಗಂಟುಗಳನ್ನು ಹೊತ್ತು ಇಳಿಯುತ್ತಿದ್ದೆವೆಂದು ಹೇಳಿದನು. ಅಕ್ಕನವರು ಅಷ್ಟಕ್ಕೆ ಬಿಡಲಿಲ್ಲ. ನಮ್ಮ ತೋಳನ್ನು ಹಿಡಿದುಕೊಂಡು ಲಿಫ್ಟಿನಲ್ಲಿ ಇಳಿದು ಮ್ಯಾನೇಜರ ಮುಂದೆ ಹೋಗಿ ನಿಂತರು. ಮ್ಯಾನೇಜರು ವಿನಯವಂತನಾದ ತರುಣ.

"ಅಮ್ಮಾ, ಲಿಫ್ಟಿದೆ, ಮುಂದಿನ ಮೆಟ್ಟಿಲಿದೆ. ಆ ಕತ್ತಲೆ ಮೆಟ್ಟಿಲು ನಿಮಗೇಕೆ?" ಎಂದನು.

"ನಮ್ಮ ಮನೆಗೆ ಹಿತ್ತಿಲ ಬಾಗಿಲೊಂದಿದೆಯಪ್ಪಾ. ಅದರಲ್ಲಿ ದಿನಾ ನೆಂಟರು ಬರುವುದಿಲ್ಲ. ಹಾಗೆಂದು ಅದಕ್ಕೆ ಅಡ್ಡವಾಗಿ ಯಾರೂ ಮಂಚ ಹಾಕುವುದಿಲ್ಲ," ಎಂದು ಅಕ್ಕನವರು ಹೇಳಿದರು.

ಆ ಕಾಲದಲ್ಲಿ ನಮಗುಂಟಾದುದು ಹೆಮ್ಮೆಯಲ್ಲ, ಸಂಕೋಚ. ಹೊಳೆಯುವ ಮುಂಗಟ್ಟೆಯಲ್ಲಿ ನಾಲ್ಕು ಜನ ಕುಳಿತು ನೋಡುತ್ತಿದ್ದರು. "ಅಕ್ಕಾ, ಎರಡು ರಾತ್ರಿಯ ಮಾತು, ನಮಗೇಕೆ ಊರ ಉಸಾಬರಿ?" ಎಂದು ಮೆಲ್ಲನೆ ಹೇಳಿ ಅವರನ್ನು ಎಳೆದುಕೊಂಡು ಬರುವ ಯತ್ನವನ್ನೂ ಮಾಡಿದೆವು. ಈ ಮಾತನ್ನು ಬರೆಯುವುದಕ್ಕೆ ನಮಗೆ ನಾಚಿಕೆಯಾಗುತ್ತದೆ. ಆದರೂ ಬರೆಯುವುದೇಕೆಂದರೆ, ವಾಚಕರಲ್ಲಿ ಅನೇಕರು ಆ ಸ್ಥಳದಲ್ಲಿದ್ದರೆ ಅದನ್ನೇ ಹೇಳುತ್ತಿದ್ದರೆಂದು ನಮ್ಮ ನಂಬಿಕೆ. ಮ್ಯಾನೇಜರು "ಆಗಲಮ್ಮಾ, ನೋಡೋಣ," ಎಂದನು. "ನೋಡೋಣ" ಎಂಬುದರ ಅರ್ಥವು ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು.

ಹಿರಿಯ ಕೆಲಸಗಾರನು ಮಾತ್ರ ಹಾಗೆ ಬಿಡಲಿಲ್ಲ. ಮರುದಿನ ಅಕ್ಕನವರು ಚಿಕಿತ್ಸೆ ಮುಗಿಸಿ ಕಣ್ಣಿಗೆ ರಕ್ಷೆಯನ್ನು ಕಟ್ಟಿಸಿಕೊಂಡು ಮಧ್ಯಾಹ್ನ ಬಂದಾಗ, ಆತನು ಬಾಗಿಲಲ್ಲಿ ನಿಂತು, "ಅಮ್ಮಾ, ಬೀಗದ ಕೈ ಇಸಕೊಂಡೆ. ಹಾಸಿಗೆಗಳನ್ನೂ ಬಣ್ಣದ ಡಬ್ಬಿಗಳನ್ನೂ ಕೆಳಕ್ಕೆ ಸಾಗಿಸಿದ್ದೇನೆ. ಮುರಿದ ಮಂಚ ಒಂದು ಪಕ್ಕಕ್ಕೆ ಸರಿಸಿದ್ದೇನೆ. ಒಬ್ಬೊಬ್ಬರೇ ಇಳಿಯಬಹುದು. ಬೀಗ ಹಾಕಲಿಲ್ಲ," ಎಂದನು. ಯಾರೂ ಆತನಿಗೆ ಆಜ್ಞಾಪಿಸಿರಲಿಲ್ಲ. ಅಕ್ಕನವರು ಊರಿನಿಂದ ತಂದಿದ್ದ ಕೋಡುಬಳೆಯ ಡಬ್ಬಿಯಲ್ಲಿ ಅರ್ಧವನ್ನು ಆತನಿಗೆ ಕಟ್ಟಿಕೊಟ್ಟರು.

ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ನಮಗೆ ಎಚ್ಚರವಾಯಿತು. ತಂಪುಯಂತ್ರವು ನಿಂತು ಕೋಣೆಯು ನಿಶ್ಶಬ್ದವಾಗಿತ್ತು. ದೀಪದ ಗುಂಡಿಯನ್ನು ಒತ್ತಿದರೆ ಬೆಳಕಿಲ್ಲ. ಕರೆಂಟು ಹೋಗಿದೆಯೆಂದು ಮಗ್ಗುಲಾಗುವುದರಲ್ಲಿದ್ದೆವು. "ತಮ್ಮಾ, ಏನೋ ಸುಟ್ಟ ವಾಸನೆ," ಎಂದು ಕತ್ತಲೆಯಿಂದ ಅಕ್ಕನವರ ಧ್ವನಿ ಕೇಳಿಬಂತು. ಪ್ಲಾಸ್ಟಿಕ್ಕು ಸುಟ್ಟ ಕಟುವಾದ ವಾಸನೆ. ನಮ್ಮ ಮನೆಯವರು ಬಾಗಿಲನ್ನು ಮುಟ್ಟಿ ನೋಡಿ, ಬಿಸಿಯಿಲ್ಲವೆಂದು ತಿಳಿದು, ಸ್ವಲ್ಪವೇ ತೆರೆದರು. ಮೊಬೈಲಿನ ಬೆಳಕಿನಲ್ಲಿ ನೋಡಿದರೆ ಲಿಫ್ಟಿನ ಕಡೆಯ ಓಣಿಯು ಹೊಗೆಯಿಂದ ತುಂಬಿತ್ತು. ಬೆಳಕು ಆ ಹೊಗೆಗೆ ತಗಲಿ ನಮ್ಮ ಕಣ್ಣಿಗೇ ಹಿಂದಿರುಗುತ್ತಿತ್ತೇ ಹೊರತು ಮುಂದಕ್ಕೆ ಹೋಗುತ್ತಿರಲಿಲ್ಲ. ಕರೆಂಟು ಹೋದಾಗ ಉರಿಯಬೇಕಾದ ತುರ್ತುದೀಪವು ಉರಿಯಲಿಲ್ಲ. ಎಚ್ಚರಿಕೆಯ ಗಂಟೆಯೂ ಬಾರಿಸಲಿಲ್ಲ. ನಮಗೆ ಆ ಓಣಿಯ ನೆನಪೆಂದರೆ ಹೊಂಬೆಳಕು, ಮರದ ಹಲಗೆ, ಗೋಡೆಯ ಚಿತ್ರ. ಬೆಳಕು ಆರಿದೊಡನೆ ಅವೆಲ್ಲವೂ ಆರಿಹೋದುವು. ಯಾವ ಕಡೆಗೆ ಎಷ್ಟು ಹೆಜ್ಜೆ ಎಂಬುದು ತಿಳಿಯಲಿಲ್ಲ.

"ಎಡಕ್ಕೆ ಬನ್ನಿ. ಎಡಗೈ ಗೋಡೆಯ ಮೇಲಿರಲಿ. ಮೂರು ಬಾಗಿಲು, ಒಂದು ಮೂಲೆ, ಆಮೇಲೆ ಕಬ್ಬಿಣ," ಎಂದು ಅಕ್ಕನವರು ಹೇಳಿ ತಾವೇ ಮುಂದಾದರು. ಅವರ ಒಂದು ಕಣ್ಣಿಗೆ ರಕ್ಷೆ ಕಟ್ಟಿತ್ತು, ಇನ್ನೊಂದಕ್ಕೆ ಪೊರೆ. ಅವರ ಸೆರಗನ್ನು ನಮ್ಮ ಮನೆಯವರೂ, ಅವರ ಭುಜವನ್ನು ನಾವೂ ಹಿಡಿದುಕೊಂಡು ನಡೆದೆವು. ಹೋಗುತ್ತ ಒಂದೊಂದು ಬಾಗಿಲನ್ನೂ ಅಂಗೈಯಿಂದ ಬಡಿದು, "ಏಳಿ, ಹಿಂದಿನ ಮೆಟ್ಟಿಲಿಗೆ ಬನ್ನಿ," ಎಂದು ಅಕ್ಕನವರು ಕೂಗುತ್ತಿದ್ದರು. ಎರಡು ಕೋಣೆಗಳಿಂದ ಜನರು ಹೊರಬಿದ್ದರು. ಅವರಲ್ಲಿ ಮಗುವನ್ನೆತ್ತಿಕೊಂಡ ಒಬ್ಬ ಹೆಂಗಸೂ ಇದ್ದಳು. ಕಬ್ಬಿಣದ ಬಾಗಿಲು ತಳ್ಳಿದೊಡನೆ ತೆರೆಯಿತು. ಮುರಿದ ಮಂಚದ ಪಕ್ಕದಲ್ಲಿ ಒಬ್ಬೊಬ್ಬರಾಗಿ ನುಸುಳಿ, ಮೂರು ಅಂತಸ್ತುಗಳನ್ನು ಇಳಿದು, ಹಿಂದಿನ ಸಂದಿಯಿಂದ ರಸ್ತೆಗೆ ಬಂದೆವು.

ಆದ ಸಂಗತಿ ದೊಡ್ಡದಲ್ಲ. ಮೊದಲನೆಯ ಅಂತಸ್ತಿನಲ್ಲಿ, ಮುಂದಿನ ಮೆಟ್ಟಿಲಿನ ಪಕ್ಕದ ವಿದ್ಯುತ್ ಪೆಟ್ಟಿಗೆಯೊಳಗೆ ತಂತಿಯು ಕಾದು ಹೊದಿಕೆ ಸುಟ್ಟಿತ್ತು. ಕೆಲಸಗಾರರು ಮೇನ್ ಸ್ವಿಚ್ಚನ್ನು ತೆಗೆದು, ಗೋಡೆಯಲ್ಲಿದ್ದ ಕೆಂಪು ಸಿಲಿಂಡರಿನ ಪುಡಿಯಿಂದ ಬೆಂಕಿಯನ್ನು ಆರಿಸಿದರು. ಕೆಳಗಿನ ಅಂತಸ್ತುಗಳವರೂ ಸುರಕ್ಷಿತವಾಗಿ ಹೊರಗೆ ಬಂದರು. ಯಾರಿಗೂ ಪೆಟ್ಟಾಗಲಿಲ್ಲ. ಪುಷ್ಯದ ಚಳಿಯಲ್ಲಿ ಸೈಕಲ್ಲಿನ ಮೇಲೆ ಫ್ಲಾಸ್ಕಿಟ್ಟುಕೊಂಡು ಟೀ ಮಾರುವವನೊಬ್ಬನು ಎಲ್ಲರಿಗೂ ಟೀ ಕೊಟ್ಟನು. ಮಗುವಿನ ತಾಯಿ ಅಕ್ಕನವರ ಕೈಹಿಡಿದುಕೊಂಡು ನಿಂತಳು, ಬಹಳ ಹೊತ್ತು ಬಿಡಲಿಲ್ಲ.

ದೊಡ್ಡದಲ್ಲವೆಂದೆವು, ದೊಡ್ಡದಾಗುವುದಕ್ಕೆ ಬಹಳ ಬೇಕಾಗಿರಲಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನಲ್ಲಿಯೇ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಬೆಂಕಿಯಿಂದ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು; ಹೊಗೆಯನ್ನು ತಾಳಲಾರದೆ ಕಿಟಕಿಗಳಿಂದ ಹಾರಿದವರೂ ಅವರಲ್ಲಿದ್ದರು. 2019ರ ಫೆಬ್ರವರಿ 12ರ ನಸುಕಿನಲ್ಲಿ ದೆಹಲಿಯ ಕರೋಲ್ ಬಾಗಿನ ಹೋಟೆಲೊಂದರಲ್ಲಿ 17 ಮಂದಿ ಮಡಿದರು. ಅಲ್ಲಿಯ ಓಣಿಗಳ ಮರದ ಹಲಗೆಗಳಿಂದಾಗಿ ಜನರು ಆ ದಾರಿಯನ್ನು ಬಳಸಲಾರದೆ ಹೋದರೆಂದು ಅಗ್ನಿಶಾಮಕ ದಳದವರು ತಿಳಿಸಿದರು. 2025ರ ಏಪ್ರಿಲ್ 29ರ ರಾತ್ರಿ ಕಲ್ಕತ್ತೆಯ ಬಡಾಬಜಾರಿನ ಹೋಟೆಲೊಂದರಲ್ಲಿ 14 ಮಂದಿ ಸತ್ತರು. ಉಸಿರುಕಟ್ಟಿ ಸತ್ತವರೇ ಹೆಚ್ಚು. ಇವರೆಲ್ಲರೂ ನಮ್ಮಂತೆಯೇ ಕೆಲಸಕ್ಕಾಗಿಯೋ ಶುಭಕಾರ್ಯಕ್ಕಾಗಿಯೋ ಮನೆಯನ್ನು ಬಿಟ್ಟು ಬಂದಿದ್ದ ಸಾಮಾನ್ಯ ಜನರು.

ಹಳೆಯ ಲಾಡ್ಜನ್ನು ಹೊಸದು ಮಾಡುವಾಗ ಆಗುವುದೇನೆಂಬುದನ್ನು ಇಲ್ಲಿ ಸ್ವಲ್ಪ ಯೋಚಿಸಬೇಕು. ತೆರೆದ ಪಡಸಾಲೆಯಲ್ಲಿ ಹೊಗೆಯು ಆಕಾಶಕ್ಕೆ ಹೋಗುತ್ತಿತ್ತು. ಗಾಜು ಹಾಕಿ ಮುಚ್ಚಿದ ಓಣಿಯಲ್ಲಿ ಅದು ನಿಲ್ಲುತ್ತದೆ. ಗಾರೆಯ ಗೋಡೆಯು ಉರಿಯುತ್ತಿರಲಿಲ್ಲ. ಹಲಗೆಯೂ ಅದರ ಅಂಟೂ ಉರಿಯುತ್ತವೆ. ಹಿಂದೆ ಕೋಣೆಗೆ ಒಂದು ಫ್ಯಾನು ಒಂದು ದೀಪವಿದ್ದಲ್ಲಿ ಈಗ ತಂಪುಯಂತ್ರ, ಬಿಸಿನೀರಿನ ಗೀಸರು, ಟೆಲಿವಿಷನ್, ನೀರು ಕಾಯಿಸುವ ಕೆಟಲ್ ಇಷ್ಟೂ ಸೇರಿವೆ. ತಂತಿಗಳನ್ನೂ ಅದಕ್ಕೆ ತಕ್ಕಂತೆ ಬದಲಾಯಿಸದಿದ್ದರೆ ಅವುಗಳು ಹೊರಲಾರದ ಹೊರೆಯನ್ನು ಹೊರಬೇಕಾಗುತ್ತದೆ. ಬದಲಾದುದೆಲ್ಲವೂ ಕಣ್ಣಿಗೆ ಕಾಣುತ್ತದೆ, ಬದಲಾಯಿಸದೆ ಬಿಟ್ಟುದು ಹಲಗೆಯ ಹಿಂದೆ ಇರುತ್ತದೆ. ಅತಿಥಿಯು ಮೆಚ್ಚುವುದಕ್ಕೆ ಹಣ ಹಾಕಿ, ಅತಿಥಿಯು ನೋಡದಲ್ಲಿ ಹಣ ಉಳಿಸುವುದು ವ್ಯಾಪಾರದಲ್ಲಿ ಹೊಸದೇನೂ ಅಲ್ಲ. ಆದಕಾರಣ ಅತಿಥಿಯೇ ಅಲ್ಲಿಯೂ ನೋಡುವುದನ್ನು ಕಲಿಯಬೇಕು. ನೋಡುವವರು ಹೆಚ್ಚಿದರೆ ಮಾಲೀಕರು ಆ ಕಡೆಗೂ ಹಣ ಹಾಕುವರು.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಬೆಂಕಿ ಮತ್ತು ಜೀವರಕ್ಷಣೆಗೆಂದೇ ಮೀಸಲಾಗಿದೆ. ಹೊರದಾರಿಗಳಲ್ಲಿ ಯಾವ ಅಡ್ಡಿಯೂ ಇರಕೂಡದೆಂದೂ, ಲಿಫ್ಟನ್ನು ಹೊರದಾರಿಯಾಗಿ ಎಣಿಸಕೂಡದೆಂದೂ ಅದು ಹೇಳುತ್ತದೆ. ನಮ್ಮ ಮ್ಯಾನೇಜರು "ಲಿಫ್ಟಿದೆ" ಎಂದಾಗ ಈ ಉತ್ತರವನ್ನು ನಾವು ಕೊಡಬಹುದಾಗಿತ್ತು. ಅಕ್ಕನವರು ಸಂಹಿತೆಯನ್ನು ಓದಿದವರಲ್ಲ. ಹಿತ್ತಿಲ ಬಾಗಿಲಿನ ಮಾತಿನಲ್ಲಿ ಅದನ್ನೇ ಹೇಳಿದರು.

ಈಗ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಬಿನ್ನಹವಿಷ್ಟು. ಯಾವ ಹೋಟೆಲಿನಲ್ಲಿಯೇ ಇಳಿಯಿರಿ, ಪೆಟ್ಟಿಗೆಯನ್ನು ಬಿಚ್ಚುವುದಕ್ಕೆ ಮೊದಲು ಎರಡನೆಯ ಮೆಟ್ಟಿಲು ಎಲ್ಲಿದೆಯೆಂದು ಕೇಳಿರಿ. ಕೇಳಿ ಸುಮ್ಮನಾಗಬೇಡಿರಿ; ಮಕ್ಕಳನ್ನೂ ಕರೆದುಕೊಂಡು ಅಲ್ಲಿಯವರೆಗೆ ನಡೆದು, ಬಾಗಿಲನ್ನು ತಳ್ಳಿ ನೋಡಿರಿ. ದಾರಿಯಲ್ಲಿ ಎಷ್ಟು ಬಾಗಿಲುಗಳೆಂದು ಎಣಿಸಿರಿ. ಮಕ್ಕಳಿಗೆ ಇದು ಆಟವಾಗುತ್ತದೆ, ಮರೆಯುವುದೂ ಇಲ್ಲ. ಕೋಣೆಯ ಕಿಟಕಿಯು ತೆರೆಯುವುದೋ, ಗಾಜನ್ನು ಅಲುಗದಂತೆ ಕೂರಿಸಿದ್ದಾರೋ ನೋಡಿರಿ. ಎರಡು ಕೋಣೆಗಳು ಖಾಲಿಯಿದ್ದರೆ ಕೆಳಗಿನ ಅಂತಸ್ತನ್ನೇ ಕೇಳಿಕೊಳ್ಳಿರಿ. ರಾತ್ರಿ ಮಲಗುವಾಗ ಕನ್ನಡಕ, ಮೊಬೈಲು, ಕೋಣೆಯ ಕೀಲಿ, ಮದ್ದಿನ ಚೀಟಿ ಇವು ಒಂದೇ ಕಡೆಯಲ್ಲಿ ಕೈಗೆ ಸಿಗುವಂತಿರಲಿ.

ಹೊಗೆ ಕಂಡರೆ ಲಿಫ್ಟನ್ನು ಹತ್ತಕೂಡದು. ಬಾಗಿಲನ್ನು ತೆರೆಯುವುದಕ್ಕೆ ಮೊದಲು ಹಿಂಗೈಯಿಂದ ಮುಟ್ಟಿ ನೋಡಬೇಕು, ಬಿಸಿಯಾಗಿದ್ದರೆ ತೆರೆಯಬಾರದು. ಹೊಗೆಯು ಮೇಲಕ್ಕೇರುವುದರಿಂದ ನೆಲದ ಸಮೀಪದಲ್ಲಿ ಉಸಿರಾಡುವಷ್ಟು ಗಾಳಿ ಉಳಿದಿರುತ್ತದೆ. ಬಗ್ಗಿ ಅಥವಾ ಅಂಬೆಗಾಲಿಟ್ಟು ಹೋಗಬೇಕು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲಬಲ್ಲದು. ಎರಡು ಕಡೆಯೂ ಹೊಗೆ ತುಂಬಿದ್ದರೆ ಹೊರಕ್ಕೆ ನುಗ್ಗುವುದಕ್ಕಿಂತ ಕೋಣೆಯಲ್ಲಿಯೇ ಇದ್ದು, ಬಾಗಿಲಿನ ಸಂದಿಗೆ ಒದ್ದೆ ಟವಲನ್ನು ತುರುಕಿ, ಕಿಟಕಿಯಲ್ಲಿ ಬಟ್ಟೆ ಬೀಸಿ ಕರೆಯುವುದು ಮೇಲು. 112 ಅಥವಾ 101ಕ್ಕೆ ಫೋನು ಮಾಡಿ ಅಂತಸ್ತನ್ನೂ ಕೋಣೆಯ ಸಂಖ್ಯೆಯನ್ನೂ ಹೇಳಬೇಕು. ಇವುಗಳನ್ನೆಲ್ಲ ನಾವು ಎಂದೋ ಓದಿದ್ದೆವು. ಓದಿದ್ದುದು ಆ ಕತ್ತಲೆಯಲ್ಲಿ ನೆನಪಿಗೆ ಬರಲಿಲ್ಲ; ಅಕ್ಕನವರು ಎಣಿಸಿದ್ದ ಮೂರು ಬಾಗಿಲುಗಳು ಮಾತ್ರ ಕೆಲಸಕ್ಕೆ ಬಂದುವು.

ಬೆಳಗ್ಗೆ ವೈದ್ಯರು ಕಣ್ಣಿನ ರಕ್ಷೆಯನ್ನು ಬಿಚ್ಚಿ ನೋಡಿ, ಎಲ್ಲವೂ ಸರಿಯಾಗಿದೆಯೆಂದರು. ಅಕ್ಕನವರು ಬಹುಕಾಲದ ಮೇಲೆ ನಮ್ಮ ಮುಖವನ್ನು ಸ್ಪಷ್ಟವಾಗಿ ಕಂಡು, "ನಿನಗೂ ವಯಸ್ಸಾಯಿತಲ್ಲೋ," ಎಂದರು. ಹೋಟೆಲಿಗೆ ಹಿಂದಿರುಗಿ ಸಾಮಾನು ಕಟ್ಟುವಾಗ ಮ್ಯಾನೇಜರು ಮೇಲಕ್ಕೆ ಬಂದನು. ರಾತ್ರಿಯೆಲ್ಲ ನಿದ್ರೆಯಿಲ್ಲದೆ ಆತನ ಮುಖವು ಬಾಡಿತ್ತು. ಒಂದು ರಾತ್ರಿಯ ಬಾಡಿಗೆಯನ್ನು ಬಿಟ್ಟುಬಿಡುತ್ತೇವೆಂದನು. ನಾವು ಒಪ್ಪಿಕೊಳ್ಳುವುದರಲ್ಲಿದ್ದೆವು.

"ಬೇಡಪ್ಪಾ, ಮಲಗಿದ ಮನೆಗೆ ಬಾಡಿಗೆ ಕೊಡಬೇಕಾದ್ದೇ. ನೀನು ಆ ಮಂಚವನ್ನು ತೆಗೆಸು. ದೀಪ ಉರಿಯುವ ಹಾಗೆ ಮಾಡಿಸು. ಆ ಹಿರಿಯನ ಮೇಲೆ, ಕೇಳದೆ ಬೀಗ ತೆಗೆದೆ ಎಂದು ಸಿಟ್ಟು ಮಾಡಬೇಡ," ಎಂದು ಅಕ್ಕನವರು ಹೇಳಿದರು.

ಆತನು ಈ ಬಾರಿ "ನೋಡೋಣ" ಎನ್ನಲಿಲ್ಲ. ನಮ್ಮ ಮುಂದೆಯೇ ಇಬ್ಬರನ್ನು ಕರೆದು ಮುರಿದ ಮಂಚವನ್ನು ಇಳಿಸಿದನು. ಊರಿಗೆ ಬಂದ ಮೇಲೆ ನಾವು ಮಾಲೀಕರಿಗೆ ಒಂದು ಪತ್ರವನ್ನು ಬರೆದು, ನಡೆದುದನ್ನೂ, ಉರಿಯದ ದೀಪವನ್ನೂ, ಬಾರಿಸದ ಗಂಟೆಯನ್ನೂ ತಿಳಿಸಿದೆವು. ಉತ್ತರವು ಇನ್ನೂ ಬಂದಿಲ್ಲ. ಆದರೆ ಹದಿನೈದು ದಿನಗಳ ಮೇಲೆ ಆ ಹಿರಿಯ ಕೆಲಸಗಾರನು ಅಕ್ಕನವರಿಗೆ ಫೋನು ಮಾಡಿ, ಹಿಂದಿನ ಮೆಟ್ಟಿಲಿಗೆ ಸುಣ್ಣ ಬಳಿದಿದ್ದಾರೆಂದೂ, ಬಾಗಿಲ ಮೇಲೆ ಹಸಿರು ಅಕ್ಷರದ ದೀಪವನ್ನು ಹಾಕಿದ್ದಾರೆಂದೂ, ತಂತಿಯ ಕೆಲಸವು ಮಾತ್ರ ಒಂದು ಅಂತಸ್ತಿನಲ್ಲಿ ಮುಗಿದು ಇನ್ನು ಮೂರರಲ್ಲಿ ಬಾಕಿಯಿದೆಯೆಂದೂ ಹೇಳಿದನಂತೆ.

ಫಾಲ್ಗುಣದಲ್ಲಿ ಎಡಗಣ್ಣಿನ ಚಿಕಿತ್ಸೆಯಾಗಬೇಕು. ಈ ಸಾರಿ ಬೇರೆ ಹೋಟೆಲನ್ನು ಗೊತ್ತುಮಾಡೋಣವೆಂದು ನಾವು ಹೇಳಿದೆವು. ಅಕ್ಕನವರು ಒಪ್ಪಲಿಲ್ಲ. "ಅಲ್ಲಿಯೇ ಇಳಿಯೋಣ. ಆ ಮೂರು ಅಂತಸ್ತಿನ ತಂತಿ ಏನಾಯಿತೆಂದು ಕೇಳುವವರು ಬೇಡವೆ?" ಎಂದರು. ಕೆಳಗಿನ ಅಂತಸ್ತಿನಲ್ಲಿ ಕೋಣೆ ಬೇಕೆಂದು ನಿನ್ನೆಯೇ ಫೋನು ಮಾಡಿದ್ದೇವೆ.